ಆರಾದ ಮೇಲೆ ಎಂಟು

ಪುಸ್ತಕ ಬರೆದವರ ಹೆಸರು ರಕ್ಷಾಪುಟದ ಮೇಲೆ ದಪ್ಪಕ್ಷರದಲ್ಲಿರುತ್ತದೆ. ಮುದ್ರಿಸಿದವರ ಹೆಸರು ಒಳಪುಟದಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಮುಖಪುಟಕ್ಕೆ ಚಿತ್ರ ಬರೆದವರಿಗೂ, ಬೆನ್ನುಡಿಯಲ್ಲಿ ನಾಲ್ಕು ಒಳ್ಳೆಯ ಮಾತಾಡಿದವರಿಗೂ ಅವರವರ ಪಾಲಿನ ಸಾಲು ಸಿಕ್ಕೇ ಸಿಗುತ್ತದೆ. ಹಸ್ತಪ್ರತಿ ಎಂಬ ಕಾಗದದ ರಾಶಿಯನ್ನು ಪುಸ್ತಕವಾಗಿಸಿದವರಿಗೆ ಮಾತ್ರ ಎಲ್ಲಿಯೂ ಜಾಗವಿಲ್ಲ. ಮೂವತ್ತು ವರ್ಷಗಳಿಗೂ ಮೀರಿ ಆ ಇಲ್ಲದ ಜಾಗದಲ್ಲಿ ಕುಳಿತು, ನಮ್ಮ ಕಾಲದ ಕಥೆ ಕಾದಂಬರಿಗಳು ಯಾವ ಆಕಾರದಲ್ಲಿ ಓದುಗರ ಕೈ ಸೇರಬೇಕು ಎಂಬುದಕ್ಕಾಗಿ ಲೇಖಕರೊಡನೆಯೂ ಯಜಮಾನರೊಡನೆಯೂ ಸಮಾನವಾಗಿ ಜಗಳವಾಡಿದ ಹಿರಿಯ ಸಂಪಾದಕಿ, ನಾವು ಬೆನ್ನ ಹಿಂದೆ ‘ಯಾಕಕ್ಕ’ ಎಂದೂ ಎದುರಿಗೆ ಬರೀ ‘ಅಕ್ಕ’ ಎಂದೂ ಕರೆಯುವವರು, ಈಗ ಪ್ರಕಾಶನದ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ನಿವೃತ್ತಿ ಎಂಬುದು ಸಮಿತಿಯವರು ಕೊಟ್ಟ ಪದ. ನನ್ನ ಹತ್ತಿರ ಬೇರೆ ಪದವಿದೆ. ಅದನ್ನು ಅದರ ಸ್ಥಾನ ಬಂದಾಗ ಹೇಳುತ್ತೇನೆ.

ಈ ಅಭಿನಂದನ ಗ್ರಂಥವನ್ನು ಹೊರತರುತ್ತಿರುವುದು ಅದೇ ಪ್ರಕಾಶನ. ಅದರ ಅಭಿನಂದನ ಸಮಿತಿ ಲೇಖನ ಬರೆಯುವವರಿಗೆಲ್ಲ ಒಂದು ಸೂಚನೆ ಕಳಿಸಿದೆ: ಮೊದಲು ಜನನ ಮತ್ತು ವಿದ್ಯಾಭ್ಯಾಸ, ಆಮೇಲೆ ಸೇವೆಯ ವಿವರ, ಆಮೇಲೆ ಒಡನಾಟದ ಒಂದೆರಡು ಪ್ರಸಂಗ, ಕೊನೆಯಲ್ಲಿ ಶುಭ ಹಾರೈಕೆ, ಅಹಿತಕರ ಸಂಗತಿಗಳನ್ನು ಕೈಬಿಡಬೇಕಾಗಿ ವಿನಂತಿ. ಬದುಕಿಡೀ ಇಂಥ ಸಿದ್ಧ ಅಚ್ಚುಗಳನ್ನು ಒಡೆದವರನ್ನು ಅಂಥದೇ ಅಚ್ಚಿನಲ್ಲಿ ಕೂರಿಸಲು ಹೊರಟವರ ಧೈರ್ಯಕ್ಕೆ ಮೊದಲು ಕೈಮುಗಿಯುತ್ತೇನೆ. ಅಕ್ಕನವರ ಜನನದ ಬಗ್ಗೆ ನನಗೆ ಗೊತ್ತಿರುವುದು ಅವರು ಹುಟ್ಟಿದ್ದಾರೆ ಎಂಬುದಷ್ಟೇ. ಸೇವೆಯನ್ನು ಮಾತ್ರ ಸಮಿತಿಯ ಅಪೇಕ್ಷೆಯಂತೆ ಕ್ರಮವಾಗಿಯೇ ಹೇಳುತ್ತೇನೆ, ಕೈಬಿಡಬೇಕೆಂದ ಸಂಗತಿಗೂ ಕ್ರಮವಾಗಿಯೇ ಬಂದು ಸೇರುತ್ತೇನೆ.

ಅವರು ಕೆಲಸಕ್ಕೆ ಸೇರಿದ್ದು ಕರಡು ತಿದ್ದುವವರಾಗಿ. ಕೆಳಗೆ ಮುದ್ರಣಯಂತ್ರ, ಮೇಲೆ ಮರದ ಮೆಟ್ಟಿಲು ಹತ್ತಿದರೆ ಒಂದು ಉದ್ದನೆಯ ಕೋಣೆ, ಅದರ ಕಿಟಕಿಯಾಚೆ ಟಯರ್ ಪಂಕ್ಚರ್ ಹಾಕುವ ಅಂಗಡಿ. ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಅವರು ಇಡುತ್ತಿದ್ದುದು ಕೀಲಿಕೈ ಕಳೆದುಹೋದ ಹಳೆಯ ಬೀಗಗಳನ್ನು. ಸೇರಿದ ಹೊಸದರಲ್ಲಿ ಆ ಕಾಲದ ಬಹುದೊಡ್ಡ ಹಿರಿಯ ಕಾದಂಬರಿಕಾರರೊಬ್ಬರ ಕರಡು ಅವರ ಮೇಜಿಗೆ ಬಂತು. ಅಕ್ಷರ ತಿದ್ದಿ ಕಳಿಸಬೇಕಿದ್ದ ಹುಡುಗಿ ಒಂದು ಅಧ್ಯಾಯದ ಪಕ್ಕ ಪೆನ್ಸಿಲಿನಲ್ಲಿ ‘ಇಲ್ಲೇ ಯಾಕೆ?’ ಎಂದು ಬರೆದುಬಿಟ್ಟರು. ಆಗ ಪ್ರಕಾಶನ ನಡೆಸುತ್ತಿದ್ದ ದೊಡ್ಡ ಯಜಮಾನರು ಅದನ್ನು ನೋಡದೆ ಕಟ್ಟನ್ನು ಲೇಖಕರಿಗೆ ಕಳಿಸಿಕೊಟ್ಟರು. ಮರುದಿನವೇ ಹಿರಿಯರು ಸ್ವತಃ ಮೆಟ್ಟಿಲು ಹತ್ತಿ ಬಂದರು.

“ಯಾರಮ್ಮ ಅದು, ನನ್ನನ್ನ ಯಾಕೆ ಅಂತ ಕೇಳಿದ್ದು?”

“ನಾನೇ ಸಾರ್. ಸತ್ತೋರ ಮನೆಗೆ ಹೋಗಿ ಮಾತಾಡಿಸಿಕೊಂಡು ಬಂದಾದ ಮೇಲೆ ಅವರು ಸತ್ತಿದ್ದನ್ನ ಹೇಳ್ತೀರಿ. ಬೇಕು ಅಂತ ಮಾಡಿದ್ರೆ ಹಾಗೇ ಇರಲಿ. ಮರೆತು ಮಾಡಿದ್ರೆ ಹೇಳಿ.”

ಹಿರಿಯರು ಕುರ್ಚಿ ಎಳೆದುಕೊಂಡು ಕೂತು, ತಮ್ಮದೇ ಪುಟಗಳನ್ನು ಹಿಂದೆ ಮುಂದೆ ತಿರುವಿ, “ಮರೆತಿದ್ದೆ ಕಣಮ್ಮ” ಎಂದರು. ಅಂದಿನಿಂದ ಅವರ ಕರಡುಗಳು ಬೇರೆ ಯಾರ ಮೇಜಿಗೂ ಹೋಗಲಿಲ್ಲ. ಯಾಕಕ್ಕ ಎಂಬ ಹೆಸರೂ ಅಂದೇ ಹುಟ್ಟಿತು. ಅಕ್ಕನವರು ಇಷ್ಟು ವರ್ಷಗಳಲ್ಲಿ ನಮ್ಮ ಹಸ್ತಪ್ರತಿಗಳ ಅಂಚಿನಲ್ಲಿ ಬರೆದದ್ದು ಆ ಒಂದೇ ಪ್ರಶ್ನೆ. ವಾಕ್ಯವನ್ನು ತಿದ್ದಲಿಲ್ಲ, ಉಪಮೆಯನ್ನು ಹೊಡೆದುಹಾಕಲಿಲ್ಲ, ‘ಚೆನ್ನಾಗಿದೆ’ ಎಂದು ಒಮ್ಮೆಯೂ ಬರೆಯಲಿಲ್ಲ. ಕೇಳಿದ್ದು ‘ಇಲ್ಲೇ ಯಾಕೆ?’ ಅಷ್ಟೇ. ಉತ್ತರ ಇದ್ದವರು ಗೆದ್ದರು, ಇಲ್ಲದವರು ಮನೆಗೆ ಹೋಗಿ ಹುಡುಕಿದರು.

ನಾನು ವೃತ್ತಿಯಿಂದ ದಂತವೈದ್ಯೆ, ಚಟದಿಂದ ಕಾದಂಬರಿಗಾರ್ತಿ. ಮೊದಲ ಹಸ್ತಪ್ರತಿಯನ್ನು ಎದೆಗವಚಿಕೊಂಡು ಆ ಮೆಟ್ಟಿಲು ಹತ್ತಿದಾಗ ಇಷ್ಟು ದಪ್ಪದ ಪುಸ್ತಕ ಬರೆದವಳಿಗೆ ಎದ್ದು ನಿಂತು ಸ್ವಾಗತ ಕೋರುತ್ತಾರೆಂದು ಅಂದುಕೊಂಡಿದ್ದೆ. ಅಕ್ಕ ಅದನ್ನು ಇಸಿದುಕೊಂಡು, ತೆರೆದೂ ನೋಡದೆ, ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದರು.

“ಈಗ ಬಾಯಲ್ಲಿ ಹೇಳಿ.”

“ಏನನ್ನ?”

“ಪುಸ್ತಕಾನ. ಪಕ್ಕದ ಮನೆಯವಳಿಗೆ ಹೇಳಿದ ಹಾಗೆ.”

ಉರಿದುಕೊಂಡೇ ಹೇಳತೊಡಗಿದೆ. ಹೇಳಿ ಮುಗಿಸುವ ಹೊತ್ತಿಗೆ ಕೋಪವೂ ಇಳಿದಿತ್ತು, ಗಂಟಲೂ ಒಣಗಿತ್ತು. ಅಕ್ಕ ಡ್ರಾಯರು ತೆಗೆದು ಹಾಳೆಗಳನ್ನು ಮಗುಚಿದರು. “ನಿಮ್ಮ ಬಾಯಿ ಹನ್ನೊಂದನೇ ಅಧ್ಯಾಯದಿಂದ ಶುರು ಮಾಡ್ತು. ಕೈ ಒಂದರಿಂದ ಶುರು ಮಾಡಿದೆ. ಇಬ್ಬರಲ್ಲಿ ಯಾರು ಸುಳ್ಳು ಹೇಳ್ತಿದಾರೆ, ನೋಡಿಕೊಂಡು ಬನ್ನಿ.”

ಮೊದಲ ಹತ್ತು ಅಧ್ಯಾಯಗಳಲ್ಲಿ ಇದ್ದದ್ದು ಕಥಾನಾಯಕಿಯ ಅಜ್ಜನ ಯೌವನ, ಅಜ್ಜನ ಅಂಗಡಿ, ಅಂಗಡಿಯ ಬಾಗಿಲಿನ ಕೆತ್ತನೆ. ಕಾದಂಬರಿ ಅಂದರೆ ಹೀಗೇ ಶುರುವಾಗಬೇಕು ಎಂದು ನಾನು ಎಲ್ಲಿಂದಲೋ ನಂಬಿದ್ದೆ. ರೂಪ ಎಂಬುದು ಅಂಗಡಿಯಲ್ಲಿ ಸಿಗುವ ಡಬ್ಬಿ, ಬರೆದದ್ದನ್ನು ಅದರಲ್ಲಿ ತುಂಬಬೇಕು, ಉಳಿದ ಜಾಗಕ್ಕೆ ಅಜ್ಜನನ್ನು ತುರುಕಬೇಕು ಎಂಬ ಆ ನಂಬಿಕೆ ಬಿಡಲು ನನಗೆ ಒಂದು ವರ್ಷವೇ ಹಿಡಿಯಿತು. ಅಜ್ಜನನ್ನು ಕಿತ್ತಾಗ ಆದ ನೋವು ನನ್ನ ಚಿಕಿತ್ಸಾಲಯದಲ್ಲಿ ಕೂರುವವರಿಗೆ ಅರ್ಥವಾದೀತು. ಪುಸ್ತಕ ಬಂತು, ಜನ ಓದಿದರು. ಅಜ್ಜನನ್ನು ಇದುವರೆಗೆ ಒಬ್ಬರೂ ಕೇಳಿಲ್ಲ.

ಎರಡನೆಯ ಕಾದಂಬರಿಯ ಹೊತ್ತಿಗೆ ಆದ ಅವಾಂತರ ಪ್ರಕಾಶನದ ಎಲ್ಲರಿಗೂ ಗೊತ್ತಿರುವಂಥದು. ಪುಸ್ತಕವನ್ನು ಹದಿನಾರು ಹದಿನಾರು ಪುಟಗಳ ಕಟ್ಟುಗಳಾಗಿ ಅಚ್ಚು ಹಾಕುತ್ತಾರೆ. ಮುದ್ರಣದವರು ಅದನ್ನು ಫಾರಂ ಎನ್ನುತ್ತಾರೆ. ಬೈಂಡಿಂಗಿನಲ್ಲಿ ಐದನೆಯ ಫಾರಂ ಎರಡನೆಯದರ ಜಾಗಕ್ಕೆ ಬಂದು ಕೂತುಬಿಟ್ಟಿತು. ನಾಯಕಿ ಗಂಡನನ್ನು ಬಿಟ್ಟು ಹೋದ ಮೇಲೆ ಅವನ ಪರಿಚಯವಾಗುತ್ತದೆ. ಯಾರಾದರೂ ದೂರುವ ಮೊದಲೇ ಒಂದು ಪತ್ರಿಕೆಯಲ್ಲಿ ವಿಮರ್ಶೆ ಬಂತು: ಕಾಲವನ್ನು ಮುರಿದು ಕಟ್ಟುವ ಲೇಖಕಿಯ ಎದೆಗಾರಿಕೆ ಅಪೂರ್ವ. ದೊಡ್ಡ ಯಜಮಾನರು ನಕ್ಕು ನಕ್ಕು ಸಾಕಾಗಿ, ಹೀಗೇ ಇರಲಿ ಬಿಡಿ ಎಂದರು. ನನಗೂ ಹಾಗೇ ಇರಲಿ ಅನ್ನಿಸಿತ್ತು. ಹೊಗಳಿಕೆ ಯಾರಿಗೆ ಕಹಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಇಂದಿಗೂ ಕಾಣುವುದಿಲ್ಲ. ಅಕ್ಕ ಒಪ್ಪಲಿಲ್ಲ. “ನಾಳೆ ಯಾರಾದ್ರೂ ಇಲ್ಲೇ ಯಾಕೆ ಅಂತ ಕೇಳಿದ್ರೆ ಇವರು ಏನು ಹೇಳ್ತಾರೆ, ಬೈಂಡರನ್ನ ಕೇಳಿ ಅಂತಾನಾ?” ಎಂದವರೇ ಅಂಗಡಿಗಳಿಗೆ ಹೋದ ಪ್ರತಿಗಳನ್ನು ವಾಪಸು ತರಿಸಿದರು, ಬಿಚ್ಚಿಸಿದರು, ಮತ್ತೆ ಹೊಲಿಸಿದರು. ವಿಮರ್ಶಕರು ಎರಡನೆಯ ಸಲ ಬರೆಯಲಿಲ್ಲ. ಆ ದಿನ ಅಕ್ಕ ನನಗೆ ಹೇಳಿದ ಮಾತನ್ನು ನಾನು ಯಾವ ಕಮ್ಮಟದಲ್ಲೂ ಕೇಳಿಲ್ಲ. ರೂಪ ಅಂದರೆ ಲೇಖಕ ಹೊಣೆ ಹೊರಬಲ್ಲ ಕ್ರಮ. ಹೊಣೆ ಹೊರಲಾಗದ್ದು ಎಷ್ಟೇ ಚೆಂದ ಕಂಡರೂ ಅದು ಅಪಘಾತ.

ಇನ್ನೊಂದು ಉಪಕಾರವನ್ನು ಹೇಳದೆ ಮುಂದೆ ಹೋದರೆ ನಾನು ಮನುಷ್ಯಳಲ್ಲ. ಮೂರನೆಯ ಕಾದಂಬರಿಯ ನಡುವೆ ನನ್ನ ಅತ್ತೆ ಆಸ್ಪತ್ರೆ ಸೇರಿದರು, ತಿಂಗಳುಗಟ್ಟಲೆ ಅಲ್ಲಿಯೇ ಉಳಿದರು. ಹಗಲು ಚಿಕಿತ್ಸಾಲಯ, ಉಳಿದ ಹೊತ್ತೆಲ್ಲ ಆಸ್ಪತ್ರೆಯ ಹಜಾರದ ಉಕ್ಕಿನ ಬೆಂಚು. ಬರೆಯುವುದು ಇನ್ನು ಆಗದ ಮಾತು ಎಂದು ಫೋನಿನಲ್ಲಿ ತಿಳಿಸಿದೆ. ಅಕ್ಕ ಫೋನಿನಲ್ಲಿ ಸಮಾಧಾನ ಹೇಳುವ ಜಾತಿಯಲ್ಲ. ಸಂಜೆ ಕೆಲಸ ಮುಗಿಸಿ ನೇರವಾಗಿ ಆಸ್ಪತ್ರೆಗೇ ಬಂದರು, ಅತ್ತೆಯ ತಲೆಗೂದಲು ಬಾಚಿ ಜಡೆ ಹಾಕಿದರು, ಆಮೇಲೆ ಬೆಂಚಿನ ಮೇಲೆ ನನ್ನ ಪಕ್ಕ ಕೂತರು.

“ನರ್ಸ್ ಎಷ್ಟು ಹೊತ್ತಿಗೊಮ್ಮೆ ಕರೀತಾರೆ?”

“ಅರ್ಧ ಗಂಟೆಗೊಮ್ಮೆ.”

“ಹಾಗಿದ್ರೆ ಅರ್ಧ ಗಂಟೆಯ ಪುಸ್ತಕ ಬರೀರಿ. ಒಂದೊಂದು ತುಂಡೂ ಅವರು ಕರೆಯೋ ಹೊತ್ತಿಗೆ ನಿಲ್ಲಲಿ. ಮಾತು ಅರ್ಧಕ್ಕೆ ನಿಂತ್ರೆ ಅರ್ಧಕ್ಕೇ ಬಿಡಿ. ನಿಮ್ಮ ಕಥೆಯ ಹೆಂಗಸಿಗೂ ಒಂದು ಮಾತು ಪೂರ್ತಿ ಆಡೋಕೆ ಯಾರೂ ಬಿಡಲ್ಲ, ಅಲ್ವಾ?”

ಅಲ್ಲಿಂದ ಎದ್ದು ಬಂದದ್ದೇ ನನ್ನ ಮೂರನೆಯ ಪುಸ್ತಕ. ಅದರ ಛಿದ್ರ ರಚನೆಯ ತಾತ್ವಿಕ ಮೂಲಗಳ ಬಗ್ಗೆ ಒಬ್ಬರು ದೊಡ್ಡ ಪ್ರಬಂಧವನ್ನೇ ಬರೆದು ಪದವಿ ಪಡೆದಿದ್ದಾರೆ, ಅವರಿಗೆ ಶುಭವಾಗಲಿ. ಮೂಲ ಉಕ್ಕಿನ ಬೆಂಚು. ಕೂತ ಜಾಗ, ಸಿಕ್ಕ ಹೊತ್ತು, ಎದೆಯ ಮೇಲಿನ ಭಾರ ಇವುಗಳಿಂದಲೇ ಆಕಾರ ಹುಟ್ಟುತ್ತದೆ ಎಂಬುದನ್ನು ನನಗೆ ಕಲಿಸಿದ್ದು ಅತ್ತೆಯ ಜಡೆ ಹೆಣೆದ ಆ ಕೈಗಳು. ಅತ್ತೆ ಪುಸ್ತಕ ಬರುವ ಮುಂಚೆ ತೀರಿಕೊಂಡರು. ಅಕ್ಕ ಬಂದು ಹೋದ ಆ ಸಂಜೆಯನ್ನು ಕೊನೆಯವರೆಗೂ ನೆನೆಯುತ್ತಿದ್ದರು, ‘ಆ ಯಾಕಮ್ಮನವರು ಮತ್ತೆ ಬರಲ್ವಾ’ ಎಂದು ಕೇಳುತ್ತಿದ್ದರು.

ಈಗ ಕೈಬಿಡಬೇಕಾದ ಸಂಗತಿ.

ದೊಡ್ಡ ಯಜಮಾನರು ಹೋದ ಮೇಲೆ ಪ್ರಕಾಶನ ಅವರ ಮಗನ ಕೈಗೆ ಬಂತು. ಚಿಕ್ಕ ಯಜಮಾನರನ್ನು ನಾನು ಕೆಟ್ಟವರೆನ್ನುವುದಿಲ್ಲ. ಒಳ್ಳೆಯ ಕಾಗದ ಬಳಸುತ್ತಾರೆ, ಗೌರವಧನ ತಪ್ಪಿಸುವುದಿಲ್ಲ, ನನ್ನ ಬಳಿ ಹಲ್ಲು ತೋರಿಸಲು ಬಂದಾಗ ಬಾಯಿ ತೆರೆಯೆಂದರೆ ತೆರೆಯುತ್ತಾರೆ. ಆದರೆ ಓದುಗ ಎಂದರೆ ಬೇಗ ಬೇಸರಗೊಳ್ಳುವ ಗಿರಾಕಿ, ಅವನಿಗೆ ಎಲ್ಲಿಯೂ ಕಾಲು ಎಡವಬಾರದು ಎಂಬುದು ಅವರ ಗಟ್ಟಿ ನಂಬಿಕೆ. ಕಳೆದ ವರ್ಷ ಅಕ್ಕನವರ ಮೇಜಿಗೆ ಹೈಸ್ಕೂಲಿನ ಗಣಿತದ ಮೇಷ್ಟ್ರೊಬ್ಬರ ಹಸ್ತಪ್ರತಿ ಬಂತು. ಅದು ಅವರ ಮಗಳ ಕಥೆ; ಅವಳು ದೂರದ ಓಟದ ಓಟಗಾರ್ತಿ. ಮೊದಲ ಆರು ಅಧ್ಯಾಯಗಳಲ್ಲಿ ಅವಳು ಓಡುತ್ತಾಳೆ, ಬೀಳುತ್ತಾಳೆ, ಅಪ್ಪನನ್ನು ರೇಗಿಸುತ್ತಾಳೆ. ಮೈದಾನದ ಅಂಚಿನಲ್ಲಿ ಅಪ್ಪ ಗಡಿಯಾರ ಹಿಡಿದು ನಿಂತಿರುತ್ತಾರೆ. ಆರನೆಯದಾದ ಮೇಲೆ ಎಂಟನೆಯ ಅಧ್ಯಾಯ. ಅದು ಶುರುವಾಗುವುದು ಮೇಷ್ಟ್ರು ಹಿತ್ತಲಿನ ಕಲ್ಲಿನ ಮೇಲೆ ಕೂತು ಮಗಳ ಶೂ ತೊಳೆಯುವುದರಿಂದ. ಅವಳು ಇಲ್ಲ. ಹೇಗೆ ಹೋದಳು ಎಂಬುದು ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಏಳು ಎಂಬ ಅಂಕಿಯೇ ಇಲ್ಲ.

ಮೇಷ್ಟ್ರು ಮೊದಲ ಸಲ ಬಂದ ದಿನ ನಾನು ನನ್ನ ಹಳೆಯ ಕಾದಂಬರಿಯ ಮರುಮುದ್ರಣದ ಕರಡು ಒಯ್ಯಲು ಹೋಗಿ ಅದೇ ಕೋಣೆಯಲ್ಲಿದ್ದೆ. ಅಕ್ಕ ಅವರಿಗೆ ಬಾಯಲ್ಲಿ ಹೇಳಿ ಅನ್ನಲಿಲ್ಲ. ನಾನು ಕಂಡಂತೆ ಅವರು ಆ ನಿಯಮ ಮುರಿದದ್ದು ಅದೊಂದೇ ಸಲ.

“ಮೇಷ್ಟ್ರೇ, ಒಂದೇ ಕೇಳ್ತೀನಿ. ಏಳನ್ನ ಬರೆಯೋಕೆ ಆಗ್ತಿಲ್ವಾ, ಬರೆಯಬಾರದು ಅಂತಾನಾ? ಆಗ್ತಿಲ್ಲ ಅಂದ್ರೆ ನಾನು ಕಾಯ್ತೀನಿ, ಎಷ್ಟು ವರ್ಷ ಆದ್ರೂ. ಬರೆಯಬಾರದು ಅಂದ್ರೆ ನಿಮ್ಮ ಪರವಾಗಿ ಜಗಳ ಆಡ್ತೀನಿ. ಯಾವುದು ಅಂತ ಹೇಳಿ.”

ಮೇಷ್ಟ್ರು ಕಿಟಕಿಯಾಚೆ ನೋಡುತ್ತ ಕೂತರು. ಅಂಗಡಿಯಲ್ಲಿ ಯಾರೋ ಟಯರಿಗೆ ಗಾಳಿ ತುಂಬುತ್ತಿದ್ದರು. “ಬರೆದಿದ್ದೆ ಮೇಡಂ. ಮತ್ತೆ ಮತ್ತೆ ಬರೆದಿದ್ದೆ. ಒಂದೊಂದು ಸಲಾನೂ ಹೋದ ಸಲಕ್ಕಿಂತ ಚೆನ್ನಾಗಿ ಬರ್ತಿತ್ತು. ಅದೇ ಕಷ್ಟ ಆಯ್ತು. ನನ್ನ ಮಗಳು ಹೋಗಿದ್ದು ಚೆನ್ನಾಗಿರಬಾರದು. ಅದಕ್ಕೇ ಸುಟ್ಟೆ.”

ನಾನು ಕರಡು ಎತ್ತಿಕೊಂಡು ಮೆಟ್ಟಿಲ ಬಳಿಗೆ ಹೋಗಿ ನಿಂತೆ. ಅಕ್ಕ ಇಷ್ಟೇ ಅಂದರು: “ಆಯ್ತು. ಜಗಳ.”

ಜಗಳ ನಡೆಯಿತು. ಚಿಕ್ಕ ಯಜಮಾನರು ಮೊದಮೊದಲು ನಗುತ್ತಲೇ ಮಾತಾಡಿದರು. ಗಣಿತದ ಮೇಷ್ಟ್ರಿಗೆ ಎಣಿಸೋಕೆ ಬರಲ್ವಾ ಎಂದರು. ಓದಿದವರು ಫೋನ್ ಮಾಡಿ ಒಂದು ಅಧ್ಯಾಯ ಬಿಟ್ಟುಹೋಗಿದೆ ಅಂತಾರೆ ಎಂದರು. “ಅನ್ನಲಿ. ಬಿಟ್ಟುಹೋಗಿರೋದು ನಿಜ ತಾನೇ” ಎಂದು ಅಕ್ಕ ಉತ್ತರಿಸಿದರು. ಹೊಸದಾಗಿ ಬರೆಸುವುದಾಗದಿದ್ದರೆ ಹೋಗಲಿ, ಎಂಟನ್ನು ಏಳೆಂದು ಮಾಡಿ, ಒಂಬತ್ತನ್ನು ಎಂಟೆಂದು ಮಾಡಿ, ಸಲೀಸಾಗಿ ಮುಗಿಯುತ್ತದೆ, ಒಂದಕ್ಷರವೂ ಬದಲಾಗುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಯಜಮಾನರು ಕೊನೆಯ ದಾರಿ ತೋರಿಸಿದರು. “ಯಾರಿಗೂ ಗೊತ್ತಾಗಬಾರದು ಅಂತ ಅವರು ಬರೆದಿಲ್ಲ” ಎಂದರು ಅಕ್ಕ.

ಇದರಲ್ಲಿ ಇಷ್ಟು ಹಟವೇಕೆ, ಬರೀ ಒಂದು ಅಂಕಿಯ ಮಾತಲ್ಲವೇ ಎಂದು ಕೇಳುವವರಿಗೆ ನನ್ನ ವೃತ್ತಿಯಿಂದಲೇ ಉತ್ತರ ಕೊಡುತ್ತೇನೆ. ಹಲ್ಲು ಕಿತ್ತಿಸಿಕೊಂಡು ಹೋದವರನ್ನು ವಾರದ ಮೇಲೆ ನೋಡಿ. ನಾಲಿಗೆ ಇರುವ ಹಲ್ಲುಗಳನ್ನೆಲ್ಲ ಬಿಟ್ಟು ಇಲ್ಲದ ಹಲ್ಲಿನ ಜಾಗಕ್ಕೇ ಹೋಗುತ್ತಿರುತ್ತದೆ. ಮೇಷ್ಟ್ರ ಪುಸ್ತಕವನ್ನು ಓದುವಾಗಲೂ ಹಾಗೆ: ಎಂಟರಿಂದ ಹದಿನಾಲ್ಕರವರೆಗೆ ಏನನ್ನೇ ಓದಿ, ಮನಸ್ಸು ಏಳಕ್ಕೆ ಹೋಗಿ ಹೋಗಿ ಬರುತ್ತದೆ. ಅಂಕಿ ಸರಿಪಡಿಸಿದರೆ ಆ ಜಾಗ ಮುಚ್ಚಿಹೋಗುತ್ತದೆ, ಮಗಳು ಎರಡನೆಯ ಸಲ ಇಲ್ಲವಾಗುತ್ತಾಳೆ. ಒಬ್ಬ ತಂದೆ ತನ್ನ ದುಃಖಕ್ಕೆ ಕಂಡುಕೊಂಡ ಆಕಾರವನ್ನು ನಾಲ್ಕು ಫೋನು ಕರೆಗಳ ಭಯಕ್ಕೆ ಅಳಿಸುವ ಹಕ್ಕು ಯಾವ ಯಜಮಾನನಿಗೂ ಇಲ್ಲ. ಇದನ್ನು ನಾನು ಯಜಮಾನರ ಗ್ರಂಥದಲ್ಲಿಯೇ, ಯಜಮಾನರ ಕಾಗದದ ಮೇಲೆಯೇ ಬರೆಯುತ್ತಿದ್ದೇನೆ.

ಅಕ್ಕನವರ ಸೇವೆಯನ್ನು ಇನ್ನೆರಡು ವರ್ಷ ಮುಂದುವರಿಸುವುದು ಎಂದು ಅದಕ್ಕೂ ಮೊದಲೇ ಮಾತಾಗಿತ್ತು. ಜಗಳದ ಕೊನೆಯಲ್ಲಿ ಯಜಮಾನರು ಆ ಎರಡು ವರ್ಷಗಳನ್ನು ಮೇಜಿನ ಮೇಲಿಟ್ಟರು: ಅಂಕಿ ಸರಿಯಾದರೆ ಇವೂ ಸರಿ. “ನನ್ನ ಎರಡು ವರ್ಷ ನೀವೇ ಇಟ್ಕೊಳ್ಳಿ ಅಪ್ಪಾ. ಎಂಟು ಎಂಟಾಗೇ ಇರಲಿ” ಎಂದು ಹೇಳಿ ಅಕ್ಕ ಬೀಗಗಳನ್ನೆಲ್ಲ ಕೈಚೀಲಕ್ಕೆ ತುಂಬತೊಡಗಿದರಂತೆ. ಅವರೇನೂ ನನಗೆ ಹೇಳಲಿಲ್ಲ. ಯಜಮಾನರೇ ನನ್ನ ಕುರ್ಚಿಯಲ್ಲಿ ಕೂತು, ಹಲ್ಲಿಗೆ ಮದ್ದು ಹಾಕಿಸಿಕೊಳ್ಳುವ ಮೊದಲು, ಎಷ್ಟು ಹಟಮಾರಿ ಹೆಂಗಸು ನೋಡಿ ಎಂದು ಹೇಳಿಕೊಂಡರು. ಬಾಯೊಳಗೆ ನನ್ನ ಕೈಯಿದ್ದುದರಿಂದ ಆಮೇಲೆ ಮಾತಾಡಿದ್ದು ನಾನೊಬ್ಬಳೇ. ಇದಕ್ಕೆ ನಿವೃತ್ತಿ ಎನ್ನುವುದಿಲ್ಲ. ಹೊರದೂಡುವುದು ಎನ್ನುತ್ತಾರೆ. ನನ್ನ ಪದ ಅದು.

ಮೇಷ್ಟ್ರ ಪುಸ್ತಕ ಅಚ್ಚಿಗೆ ಸಿದ್ಧವಾಗಿ ಕೆಳಗಿನ ಕೋಣೆಯಲ್ಲಿ ನಿಂತಿದೆ. ನಾನು ಇದನ್ನು ಬರೆಯುತ್ತಿರುವ ಹೊತ್ತಿಗೂ ನಿಂತೇ ಇದೆ. ಮೇಷ್ಟ್ರು ಒಪ್ಪದೆ ಅಂಕಿ ಬದಲಿಸುವಂತಿಲ್ಲ, ಬದಲಿಸದೆ ಯಜಮಾನರು ಅಚ್ಚು ಹಾಕುವುದಿಲ್ಲ. ಪುಸ್ತಕ ಹೊರಬರುವ ದಾರಿ ಮುಚ್ಚಿ, ಅದಕ್ಕಾಗಿ ನಿಂತವರಿಗೆ ಅಭಿನಂದನೆ ಸಲ್ಲಿಸಲು ಸಮಿತಿ ನಮ್ಮಿಂದ ಲೇಖನ ಕೇಳಿತು. ಒಂದು ಭಾನುವಾರ ಈ ಗ್ರಂಥಕ್ಕೆ ಬರೆಯಬೇಕಾದವರೆಲ್ಲ ನನ್ನ ಚಿಕಿತ್ಸಾಲಯದಲ್ಲಿ, ರೋಗಿಗಳು ಕಾಯುವ ಕುರ್ಚಿಗಳಲ್ಲಿ ಸೇರಿದೆವು. ಒಬ್ಬರನ್ನೊಬ್ಬರು ಕಂಡರಾಗದವರೂ ಅಲ್ಲಿದ್ದರು. ಹೆಚ್ಚು ಚರ್ಚೆಯಾಗಲಿಲ್ಲ, ತೀರ್ಮಾನ ಇಷ್ಟು: ಎಲ್ಲರೂ ಲೇಖನ ಬರೆಯುವುದು. ಮೇಷ್ಟ್ರ ಪುಸ್ತಕ ಅದರದೇ ಅಂಕಿಗಳೊಡನೆ ಅಂಗಡಿಗೆ ಬರುವವರೆಗೆ ಒಂದು ಹಾಳೆಯನ್ನೂ ಸಮಿತಿಗೆ ಕೊಡದಿರುವುದು. ನಮ್ಮ ಹೊಸ ಹಸ್ತಪ್ರತಿಗಳಿಗೂ ಇದೇ ಮಾತು. ವಿಷಯ ತಿಳಿದು ಅಕ್ಕ ನನ್ನನ್ನು ಗದರಿಸಿದರು. “ನನಗೋಸ್ಕರ ಮಾಡ್ತಿದ್ರೆ ಈಗಲೇ ನಿಲ್ಲಿಸಿ, ನನಗೆ ಪೆನ್ಷನ್ ಬರುತ್ತೆ. ಆ ಪುಸ್ತಕಕ್ಕೋಸ್ಕರ ಆದ್ರೆ ನನ್ನನ್ನ ಕೇಳೋಕೆ ಬರಬೇಡಿ, ಮಾಡಿ.” ಅವರನ್ನು ನಾವು ಮತ್ತೆ ಕೇಳಲಿಲ್ಲ.

ಮೇಷ್ಟ್ರು ಮಾತ್ರ ನಡುವೆ ಒಮ್ಮೆ ಬಂದು, ತಮ್ಮಿಂದ ಇಷ್ಟು ಜನರಿಗೆ ತೊಂದರೆಯಾಯಿತು, ಅಂಕಿ ಬದಲಿಸಲು ಒಪ್ಪಿಬಿಡಲೇ ಎಂದು ಕೇಳಿದರು. ನಾವು ಅವರನ್ನು ಅಕ್ಕನ ಮನೆಗೆ ಕಳಿಸಿದೆವು. ಹೋದವರು ಹಿಂದಿರುಗಿದರು. ಅಕ್ಕ ಏನಂದರು ಎಂದು ಕೇಳಿದ್ದಕ್ಕೆ, “ಏನೂ ಅನ್ನಲಿಲ್ಲ. ಎಂಟನೇ ಅಧ್ಯಾಯಾನ ನನ್ನ ಕೈಲೇ ಗಟ್ಟಿಯಾಗಿ ಓದಿಸಿದ್ರು” ಎಂದರು. ಆಮೇಲೆ ಒಪ್ಪುವ ಮಾತೆತ್ತಲಿಲ್ಲ.

ಅಭಿನಂದಿತರು ನೂರು ವರ್ಷ ಬಾಳಲಿ ಎಂದು ಹಾರೈಸುವುದು ಪದ್ಧತಿ. ನಾನು ಹಾರೈಸುವುದಿಲ್ಲ, ಹಕ್ಕಿನಿಂದ ಕೇಳುತ್ತೇನೆ. ಅಕ್ಕ, ನೀವು ಬಹುಕಾಲ ಇರಬೇಕು, ಕಣ್ಣು ಚುರುಕಾಗಿರಬೇಕು, ಸಿಟ್ಟು ಅದಕ್ಕಿಂತ ಚುರುಕಾಗಿರಬೇಕು. ನಿಮ್ಮ ಮನೆಯ ಊಟದ ಮೇಜು ಪ್ರಕಾಶನದ ಮೇಜಿನಷ್ಟು ಉದ್ದವಿಲ್ಲ, ಆದರೆ ನನ್ನ ನಾಲ್ಕನೆಯ ಕಾದಂಬರಿ ಹಿಡಿಸುವಷ್ಟಿದೆ; ಬರುವ ವಾರ ತರುತ್ತೇನೆ, ಡ್ರಾಯರು ಖಾಲಿ ಮಾಡಿಟ್ಟಿರಿ. ನನ್ನ ಹಿಂದೆಯೇ ಇನ್ನೂ ಹತ್ತು ಜನ ಬರುತ್ತಾರೆ. ವಿಶ್ರಾಂತ ಜೀವನ ಸುಖಕರವಾಗಿರಲಿ ಎಂದು ಯಾರಾದರೂ ಬರೆದಿದ್ದರೆ ಆ ಪುಟವನ್ನು ಹರಿದುಹಾಕಿ.

ಸಮಿತಿಯವರಿಗೆ ಒಂದು ಸೂಚನೆ: ಈ ಲೇಖನದ ಯಾವ ಭಾಗವನ್ನೂ ಜಾಗ ಬದಲಿಸಕೂಡದು, ಇಲ್ಲೇ ಯಾಕೆ ಎಂದು ಕೇಳಿದರೆ ಪ್ರತಿಯೊಂದಕ್ಕೂ ನನ್ನಲ್ಲಿ ಉತ್ತರವಿದೆ. ಓದುಗರಿಗೆ ಇಷ್ಟೇ: ನಾವು ಕೊಟ್ಟ ಮಾತಿನಿಂದ ಹಿಂದೆ ಸರಿಯುವವರಲ್ಲ. ಈ ಪುಟ ಅಚ್ಚಾಗಿ ನಿಮ್ಮ ಕೈಯಲ್ಲಿದೆ ಎಂದರೆ ಮೇಷ್ಟ್ರ ಪುಸ್ತಕ ಆಗಲೇ ಅಂಗಡಿಯಲ್ಲಿದೆ, ಮತ್ತು ಅದರಲ್ಲಿ ಆರಾದ ಮೇಲೆ ಎಂಟೇ ಇದೆ.